ಆರು ಗಂಟೆಯ ಪರದೆ

ಹನ್ನೊಂದು ವರ್ಷ
ಎದುರು ಮನೆಯ ಒತಿಯಾ ನನಗೆ ಮುಷ್ಟಿ ತೋರಿಸುತ್ತಿದ್ದ.

ಕುತಾಯಿಸಿಯ ನಮ್ಮ ವಠಾರಕ್ಕೆ ಒಂದೇ ಅಂಗಳ,
ಎದುರುಬದುರು ಮರದ ಬಾಲ್ಕನಿ,
ನಡುವೆ ರಾಟೆ ಹಾಕಿ ಎಳೆದ ಬಟ್ಟೆಯ ತಂತಿ.
ಸಂಜೆ ಆರಕ್ಕೆ ಸರಿಯಾಗಿ ಹೊರಗೆ ಬರುವನು,
ನನ್ನ ಕಿಟಕಿಯತ್ತ ಮುಖ ಮಾಡಿ ಬಲಗೈ ಎತ್ತಿ
ಬೆರಳು ಬಿಗಿಯುವನು. ಬಿಡುವನು. ಮತ್ತೆ ಬಿಗಿಯುವನು.
ತುಟಿ ಒಂದು ಕಡೆಗೆ ಸೊಟ್ಟ.
ನಗುವೋ ಬೈಗುಳವೋ ತಿಳಿಯದಾಗ
ನಾನು ಬೈಗುಳವನ್ನೇ ಆರಿಸಿಕೊಂಡೆ.

ಕಾರಣ ಹುಡುಕುವುದು ಕಷ್ಟವಾಗಲಿಲ್ಲ.
ಆ ವರ್ಷವೇ ನನ್ನ ಕಡೆಯ ದ್ರಾಕ್ಷಿ ಬಳ್ಳಿ ಕಡಿಸಿದ್ದೆ,
ಅವನ ಅಜ್ಜ ನೆಟ್ಟದ್ದಂತೆ.
ಅದು ಸಾಲದಿದ್ದರೆ ಇನ್ನೊಂದು:
ಬತುಮಿಯಲ್ಲಿ ಹಡಗು ಹತ್ತಿದ ನನ್ನ ಗಂಡ
ಇನ್ನು ಮರಳುವುದಿಲ್ಲವೆಂದು ಮೊದಲು ಬಂದು ಹೇಳಿದವನು ಇವನೇ.
ಸುದ್ದಿ ತಂದವನ ಮುಖ
ಸುದ್ದಿಯ ಮುಖವೇ ಆಗಿಬಿಡುತ್ತದೆ.

ಪರದೆ ಹೊಲಿದೆ. ದಪ್ಪ ಬಟ್ಟೆ,
ಅಕ್ರೋಟಿನ ಸಿಪ್ಪೆ ಕುದಿಸಿ ಅದ್ದಿ ಕಪ್ಪಾಗಿಸಿದ್ದು.
ಆರು ಹೊಡೆದು ಐದು ನಿಮಿಷಕ್ಕೆ ಸರ್ರನೆ ಎಳೆಯುತ್ತಿದ್ದೆ,
ಹಿತ್ತಾಳೆ ಬಳೆಗಳ ಸದ್ದು ಅವನ ಕಿವಿಗೂ ಬೀಳಲಿ ಎಂದು.
ಮಂಚ ತಿರುಗಿಸಿದೆ.
ಅವನ ಮೆಟ್ಟಿಲ ಬಳಿ ತಲೆ ತಗ್ಗಿಸಿ ನಡೆಯುವುದನ್ನು
ಮಗಳು ಖಾತುನಾಗೆ ಕಲಿಸಿದೆ.
ಅವಳಿಗೆ ಮದುವೆಯಾಗಿ ಬೇರೆ ಊರು. ಈಗಲೂ
ಯಾವ ಮೆಟ್ಟಿಲು ಎದುರಾದರೂ ತಲೆ ತಾನಾಗಿ ತಗ್ಗುತ್ತದೆ.

ಮೊನ್ನೆ ರಾಟೆ ಸಿಕ್ಕಿಕೊಂಡು
ನನ್ನ ಹೊದಿಕೆ ಅವನ ಬಾಲ್ಕನಿಗೆ ಅಂಟಿ ನಿಂತಿತು.
ಹೋಗಲೇಬೇಕಾಯಿತು.
ಮೇಜಿನ ಮೇಲೊಂದು ರಬ್ಬರ್ ಚೆಂಡು,
ಹಸಿರು, ನಿಂಬೆಹಣ್ಣಿನಷ್ಟು, ಬೆರಳಿನ ಗುಳಿ ಬಿದ್ದದ್ದು.
"ಲಕ್ವ ಹೊಡೆದ ಕೈ," ಎಂದ ಒತಿಯಾ, ಅರ್ಧ ಬಾಯಲ್ಲಿ.
"ದಿನಾ ನೂರು ಸಲ ಹಿಸುಕು ಅಂದರು ಡಾಕ್ಟರು.
ಎಣಿಸಿದರೆ ನನಗೆ ಲೆಕ್ಕ ನಿಲ್ಲುವುದಿಲ್ಲ.
ನೂರಾಗುವ ಹೊತ್ತಿಗೆ ನೀವು ಪರದೆ ಎಳೆಯುತ್ತೀರಿ,
ಸಾಕು ಒತಿಯಾ, ಒಳಗೆ ಹೋಗು ಅಂದ ಹಾಗೆ.
ಒಂದು ದಿನವೂ ತಪ್ಪಿಸಲಿಲ್ಲ, ನಜಿಬ್ರೋಲಾ.
ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ."

ವಠಾರಕ್ಕೆಲ್ಲ ಗೊತ್ತಿದ್ದ ಸಂಗತಿಯಂತೆ.
ನನಗೂ ಗೊತ್ತೆಂದೇ ಅವರು ತಿಳಿದಿದ್ದರಂತೆ.

ಹಾವಲ್ಲ, ಹಗ್ಗ ಎನ್ನುವವರು
ಅಲ್ಲಿಗೇ ಕತೆ ಮುಗಿಸುತ್ತಾರೆ.
ಓಡಿದ್ದು? ಎಡವಿ ಮೊಣಕಾಲು ಕೆತ್ತಿದ್ದು?
ಆ ನೆತ್ತರೂ ಹಗ್ಗದ್ದೇನು?
ನನ್ನ ಹಗೆ ನಿಜವಾಗಿತ್ತು. ಒಲೆಯ ಮೇಲಿನ ರೊಟ್ಟಿಯಷ್ಟು ನಿಜ.
ಅದನ್ನು ತಿಂದೇ ಎಷ್ಟೋ ಬೆಳಗು ಎದ್ದಿದ್ದೇನೆ.
ಅದನ್ನೇ ಆಚೆ ಬದಿಯಿಂದ ಉಪಕಾರವೆಂದು ಓದಿ
ಅವನು ಮೂರು ಬೆರಳು ಮರಳಿ ಪಡೆದ.
ಹಾಗಾದರೆ ದಿನವೂ ಆ ಬಟ್ಟೆ ಎಳೆದ ಹೆಂಗಸು ಯಾರು?
ನಾನು ಬಲ್ಲವಳೋ, ಅವನು ಬಲ್ಲವಳೋ?

ನಿಜ ಹೇಳಿಬಿಡಲೆಂದು ಎರಡು ಸಲ ಹೋದೆ.
ಒಮ್ಮೆ ಹುಳಿ ಪ್ಲಮ್ಮಿನ ಗೊಜ್ಜು ಒಯ್ದು
ಪ್ಲಮ್ಮಿನ ಮಾತಷ್ಟೇ ಆಡಿ ಬಂದೆ.
ಇನ್ನೊಮ್ಮೆ ಅವನು ಮಲಗಿದ್ದ.

ಇವತ್ತು ಆರಕ್ಕೆ ಕಿಟಕಿಯಲ್ಲಿ ನಿಂತೆ.
ಬಂದ. ಕೈ ಎತ್ತಿದ.
ನನ್ನನ್ನು ಕೇಳದೆ ನನ್ನ ಬೆರಳೂ ಒಮ್ಮೆ ಬಿಗಿದು ಬಿಟ್ಟವು.
ಎಣಿಸಿದೆ. ಎಂಬತ್ತಾರರಲ್ಲಿ ತಪ್ಪಿತು,
ಅಂದಾಜಿನಲ್ಲಿ ಮತ್ತೆ ಹಿಡಿದೆ.
ನೂರಕ್ಕೆ ಎಳೆದೆ. ಬಳೆಗಳು ಸರ್ರೆಂದವು, ಹಳೆಯ ಸದ್ದೇ.

ಆಚೆಯಿಂದ ಅವನು ಏನೋ ಕೂಗಿದ.
ಬೈಗುಳದಂತೆ ಕೇಳಿಸಿತು.
ಪರದೆ ಸರಿಸಿ, ಕಿಟಕಿ ತೆರೆದು,
"ಏನಂದಿರಿ?" ಎಂದೆ.